ಹಳೆಯ ಫಜ್ ಪೆಡಲಿನ ಪ್ರತಿರೂಪ: ಬಿಡಿಭಾಗಗಳನ್ನು ಆರಿಸುವ ಬಗೆ

ವಿದ್ಯುತ್ ಗಿಟಾರನ್ನು ನುಡಿಸುವವರು ತಮ್ಮ ವಾದ್ಯಕ್ಕೂ ಧ್ವನಿವರ್ಧಕಕ್ಕೂ ನಡುವೆ ಒಂದು ಚಿಕ್ಕ ಪೆಟ್ಟಿಗೆಯನ್ನು ನೆಲದ ಮೇಲಿರಿಸಿಕೊಂಡು, ಆಗಾಗ ಅದರ ಗುಂಡಿಯನ್ನು ಕಾಲಿನಿಂದ ಅದುಮುವುದನ್ನು ವಾಚಕರು ನೋಡಿರಬಹುದು. ಇದಕ್ಕೆ ಪೆಡಲ್ ಎಂದು ಹೆಸರು. ಇಂತಹ ಪೆಡಲುಗಳಲ್ಲಿ ಬಹು ಹಳೆಯದಾದ ಬಗೆಯೊಂದರ ಕೆಲಸವು ತಂತಿಯ ತಿಳಿಯಾದ ನಾದವನ್ನು ಬೇಕೆಂದೇ ಕೆಡಿಸುವುದು. ಕೆಡಿಸಿ, ಅದನ್ನು ಒರಟಾದ, ದಟ್ಟವಾದ, ಬಹಳ ಹೊತ್ತು ನಿಲ್ಲುವ ಧ್ವನಿಯನ್ನಾಗಿ ಮಾರ್ಪಡಿಸುವುದು. ಈ ಧ್ವನಿಯನ್ನು ಫಜ್ ಎಂದು ಕರೆಯುವರು. ಬಟ್ಟೆಯ ಮೇಲೆ ಏಳುವ ನವಿರಾದ ಎಳೆಗಳಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಇದು.

ಇದರ ಹುಟ್ಟು ಒಂದು ಆಕಸ್ಮಿಕ. 1961ರಲ್ಲಿ ಹೊರಬಂದ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸನ ಹಾಡೊಂದರ ಧ್ವನಿಮುದ್ರಣದಲ್ಲಿ ಉಪಕರಣದ ದೋಷದಿಂದ ವಾದ್ಯದ ನಾದವು ಹರಿದು ಕೇಳಿಸಿತು. ಕೇಳಿದವರಿಗೆ ಆ ದೋಷವೇ ಹಿಡಿಸಿತು. ಮರುವರ್ಷವೇ, 1962ರಲ್ಲಿ, ಅಂತಹ ಧ್ವನಿಯನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸುವ ಮ್ಯಾಸ್ಟ್ರೋ ಫಜ್-ಟೋನ್ ಎಂಬ ಪೆಡಲು ಮಾರುಕಟ್ಟೆಗೆ ಬಂತು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆಯು ಫಜ್ ಫೇಸ್ ಎಂಬ ದುಂಡನೆಯ ಪೆಡಲನ್ನು ಹೊರತಂದಿತು. ಜಿಮಿ ಹೆಂಡ್ರಿಕ್ಸನು ಅದನ್ನು ನುಡಿಸಿದ ಮೇಲೆ ಅದರ ಕೀರ್ತಿ ಎಲ್ಲೆಡೆ ಹರಡಿತು. ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಈ ಫಜ್ ಫೇಸನ್ನೇ.

ಮೂಲ ಪೆಡಲುಗಳು ಇಂದು ವಿರಳ. ಬೆಲೆಯೂ ವಿದ್ಯಾರ್ಥಿಗಳಿಗೆ ಎಟುಕುವಂತಹುದಲ್ಲ. ಆದುದರಿಂದ ಆಸಕ್ತರಾದವರು ಅದರ ನಕ್ಷೆಯನ್ನು ಸಂಪಾದಿಸಿ ತಾವೇ ಒಂದು ಪ್ರತಿರೂಪವನ್ನು ಕಟ್ಟಲು ತೊಡಗುವರು. ನಕ್ಷೆಯು ಆಶ್ಚರ್ಯವಾಗುವಷ್ಟು ಸರಳ. ಎರಡು ಟ್ರಾನ್ಸಿಸ್ಟರು, ನಾಲ್ಕು ರೋಧಕ, ಮೂರು ಧಾರಕ, ಎರಡು ನಿಯಂತ್ರಕ, ಹೀಗೆ ಒಟ್ಟು ಹನ್ನೊಂದೇ ಬಿಡಿಭಾಗಗಳು. ಆದರೂ ಒಂದೇ ನಕ್ಷೆಯಿಂದ ಕಟ್ಟಿದ ಎರಡು ಪೆಟ್ಟಿಗೆಗಳು ಒಂದೇ ಬಗೆಯಾಗಿ ನುಡಿಯುವುದಿಲ್ಲ. ಒಂದು ಸೊಗಸಾಗಿ ಹಾಡುವುದು, ಇನ್ನೊಂದು ಉಗ್ಗುವುದು. ಮತ್ತೊಂದು ಡಿಸೆಂಬರಿನಲ್ಲಿ ಚೆನ್ನಾಗಿದ್ದು ಏಪ್ರಿಲಿನಲ್ಲಿ ಬಾಯಿ ಕಟ್ಟಿಕೊಂಡು ಕೂರುವುದು. ಆಗ ಕಟ್ಟಿದವನು ತನ್ನ ಬಿಡಿಭಾಗಗಳು ಹಳೆಯ ಕಾಲದವಲ್ಲವೆಂದು ಮರುಗಿ, ಹಳೆಯ ಬಣ್ಣದ ಧಾರಕಗಳಿಗೂ ಹಳೆಯ ಇಂಗಾಲದ ರೋಧಕಗಳಿಗೂ ಹಣ ಸುರಿಯುವನು. ಆ ಹಣ ಬಹುಮಟ್ಟಿಗೆ ನೀರಿನಲ್ಲಿ ಹಾಕಿದಂತೆಯೇ ಸರಿ. ಹನ್ನೊಂದರಲ್ಲಿ ಒಂಬತ್ತನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಉಳಿದೆರಡನ್ನು, ಎಂದರೆ ಟ್ರಾನ್ಸಿಸ್ಟರುಗಳನ್ನು, ಹೆಸರು ನೋಡಿ ಕೊಂಡರೆ ಸಾಲದು, ಅಳೆದು ಆರಿಸಬೇಕು. ಏಕೆಂಬುದನ್ನು ತಿಳಿಯಬೇಕಾದರೆ ಮಂಡಲದ ಒಳಗೆ ಸ್ವಲ್ಪ ಇಣುಕಿ ನೋಡಬೇಕು.

ಮಂಡಲದ ರಚನೆ

ಮೊದಲನೆಯ ಟ್ರಾನ್ಸಿಸ್ಟರಿನ ಉತ್ಸರ್ಜಕವು ನೇರವಾಗಿ ನೆಲಕ್ಕೆ, ಎಂದರೆ ಪೆಟ್ಟಿಗೆಯ ಲೋಹಕ್ಕೆ, ಸೇರಿದೆ. ಅದರ ಸಂಗ್ರಾಹಕವು 33 ಕಿಲೋಓಮ್ ರೋಧಕದ ಮೂಲಕ 9 ವೋಲ್ಟಿನ ಬ್ಯಾಟರಿಗೆ ಹೋಗುವುದು. ಅದೇ ಸಂಗ್ರಾಹಕವನ್ನು, ನಡುವೆ ಧಾರಕವಾವುದೂ ಇಲ್ಲದೆ, ಎರಡನೆಯ ಟ್ರಾನ್ಸಿಸ್ಟರಿನ ಪಾದಕ್ಕೆ ಕೂಡಿಸಿದೆ. ಎರಡನೆಯದರ ಸಂಗ್ರಾಹಕದಿಂದ ಬ್ಯಾಟರಿಯವರೆಗೆ 8.2 ಕಿಲೋಓಮ್ ಮತ್ತು 470 ಓಮ್ ರೋಧಕಗಳು ಸಾಲಾಗಿವೆ. ಅವೆರಡೂ ಕೂಡುವ ಸ್ಥಳದಿಂದ 0.01 ಮೈಕ್ರೋಫ್ಯಾರಡ್ ಧಾರಕದ ಮೂಲಕ ಸಂಕೇತವು 500 ಕಿಲೋಓಮಿನ ಧ್ವನಿ ನಿಯಂತ್ರಕಕ್ಕೆ ಬರುವುದು. ಎರಡನೆಯದರ ಉತ್ಸರ್ಜಕವು 1 ಕಿಲೋಓಮಿನ ಫಜ್ ನಿಯಂತ್ರಕದ ಮೂಲಕ ನೆಲಕ್ಕೆ ಇಳಿಯುವುದು. ಆ ನಿಯಂತ್ರಕದ ಜಾರುವ ತುದಿಗೂ ನೆಲಕ್ಕೂ ನಡುವೆ 20 ಮೈಕ್ರೋಫ್ಯಾರಡಿನ ಧಾರಕವಿದೆ. ಇದೇ ಉತ್ಸರ್ಜಕದಿಂದ 100 ಕಿಲೋಓಮಿನ ರೋಧಕವೊಂದು ಹಿಂದಿರುಗಿ ಬಂದು ಮೊದಲನೆಯದರ ಪಾದಕ್ಕೆ ಪ್ರವಾಹವನ್ನು ಒದಗಿಸುವುದು. ಗಿಟಾರಿನ ಸಂಕೇತವೂ 2.2 ಮೈಕ್ರೋಫ್ಯಾರಡ್ ಧಾರಕದ ಮೂಲಕ ಇದೇ ಪಾದಕ್ಕೆ ಬಂದು ಸೇರುವುದು. ವಾಚಕರು ಒಂದು ಕಾಗದದ ಮೇಲೆ ಈ ನಕ್ಷೆಯನ್ನು ಬರೆದುಕೊಂಡು ಮುಂದೆ ಓದುವುದೊಳ್ಳೆಯದು.

ಮೊದಮೊದಲಿನ ಫಜ್ ಫೇಸುಗಳಲ್ಲಿ ಪಿ-ಎನ್-ಪಿ ಜಾತಿಯ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದವು. ಆದುದರಿಂದ ಬ್ಯಾಟರಿಯ ಧನಾಗ್ರವು ನೆಲಕ್ಕೆ ಸೇರಿರುವುದು. ಮಂಡಲದ ವಿಭವಗಳೆಲ್ಲವೂ ಋಣವಾಗಿರುವುವು. ಸೌಕರ್ಯಕ್ಕಾಗಿ ನಾವು ಋಣಚಿಹ್ನೆಯನ್ನು ಬಿಟ್ಟೇ ಬರೆಯುತ್ತೇವೆ.

ಎರಡು ಟ್ರಾನ್ಸಿಸ್ಟರುಗಳೂ ಸೇರಿ ಗಿಟಾರಿನ ಸಂಕೇತವನ್ನು ಎಷ್ಟು ಹಿಗ್ಗಿಸುವುವೆಂದರೆ, ಅದು 9 ವೋಲ್ಟಿನ ಮಿತಿಯೊಳಗೆ ಹಿಡಿಸುವುದಿಲ್ಲ. ಅಲೆಯ ಮೇಲುತುದಿಯೂ ಕೆಳತುದಿಯೂ ಕತ್ತರಿಸಿಹೋಗಿ, ದುಂಡಗಿದ್ದ ಅಲೆಯು ಚಪ್ಪಟೆಯಾಗುವುದು. ಚಪ್ಪಟೆಯಾದ ಅಲೆಯಲ್ಲಿ ಮೂಲಸ್ವರದೊಡನೆ ಅನೇಕ ಮೇಲ್ಸ್ವರಗಳು ಬೆರೆತಿರುವುವು. ಸೆಕೆಂಡಿಗೆ 110 ಕಂಪನಗಳುಳ್ಳ ತಂತಿಯನ್ನು ಮೀಟಿ, ಅಲೆಯ ಎರಡು ತುದಿಗಳನ್ನೂ ಸಮವಾಗಿ ಕತ್ತರಿಸಿದರೆ 330, 550, 770 ಮುಂತಾದ ಬೆಸ ಮೇಲ್ಸ್ವರಗಳು ಹುಟ್ಟುವುವು. ಒಂದು ತುದಿ ಹೆಚ್ಚಾಗಿ ಕತ್ತರಿಸಿದರೆ 220, 440 ಮುಂತಾದ ಸಮ ಮೇಲ್ಸ್ವರಗಳೂ ಸೇರುವುವು. ತಂಬೂರಿಯ ಕುದುರೆಯ ಮೇಲೆ ಜೀವದ ನೂಲನ್ನು ಸರಿಸಿ ನಾದವನ್ನು ತುಂಬಿಸುವ ನಮ್ಮವರ ಉಪಾಯವೂ ಮೇಲ್ಸ್ವರಗಳನ್ನು ಹೆಚ್ಚಿಸುವುದೇ; ಸರ್ ಸಿ. ವಿ. ರಾಮನ್ನರು 1921ರಲ್ಲೇ ಅದರ ವಿಷಯವಾಗಿ ಬರೆದಿದ್ದಾರೆ. ಅಲ್ಲಿ ಕೆಲಸ ಮಾಡುವುದು ನೂಲು, ಇಲ್ಲಿ ಟ್ರಾನ್ಸಿಸ್ಟರು.

ಅಲೆಯ ಎರಡು ತುದಿಗಳೂ ಬಹುಮಟ್ಟಿಗೆ ಸಮವಾಗಿ ಕತ್ತರಿಸಬೇಕಾದರೆ, ಸಂಕೇತವಿಲ್ಲದಾಗ ಎರಡನೆಯ ಟ್ರಾನ್ಸಿಸ್ಟರಿನ ಸಂಗ್ರಾಹಕವು 9 ವೋಲ್ಟಿನ ಸರಿಮಧ್ಯದಲ್ಲಿ, ಸುಮಾರು 4.5 ವೋಲ್ಟಿನಲ್ಲಿ, ನಿಂತಿರಬೇಕು. ಇದು 7 ವೋಲ್ಟಿಗೋ 8 ವೋಲ್ಟಿಗೋ ಏರಿಹೋದರೆ ಅಲೆಯ ಒಂದು ಪಕ್ಕಕ್ಕೆ ಜಾಗವೇ ಇಲ್ಲದಂತಾಗುವುದು. ತಂತಿಯ ನಾದ ಕ್ಷೀಣಿಸುತ್ತ ಬಂದಂತೆ ಧ್ವನಿಯು ತುಂಡುತುಂಡಾಗಿ ಥಟ್ಟನೆ ನಿಂತುಬಿಡುವುದು. ಉಗ್ಗುವ ಪೆಡಲೆಂದು ಮೇಲೆ ಹೇಳಿದ್ದು ಇದನ್ನೇ. ಹೀಗಿರಲು ಪ್ರಶ್ನೆಯೆಲ್ಲ ಒಂದೇ ಸಂಖ್ಯೆಗೆ ಬಂದು ನಿಂತಿತು: ಈ 4.5 ವೋಲ್ಟನ್ನು ನಿರ್ಧರಿಸುವುದು ಯಾವುದು?

ಒಂದು ಲೆಕ್ಕ

ಮೊದಲನೆಯ ಟ್ರಾನ್ಸಿಸ್ಟರಿನ ಸಂಗ್ರಾಹಕವು ಸುಮಾರು 0.6 ವೋಲ್ಟಿನಲ್ಲಿರುವುದೆಂದು ಇಟ್ಟುಕೊಳ್ಳೋಣ. ಆಗ 33 ಕಿಲೋಓಮಿನಲ್ಲಿ ಹರಿಯುವ ಪ್ರವಾಹವು 8.4 ವೋಲ್ಟನ್ನು 33 ಕಿಲೋಓಮಿನಿಂದ ಭಾಗಿಸಿದಷ್ಟು, ಎಂದರೆ ಸುಮಾರು 250 ಮೈಕ್ರೋಆಂಪಿಯರ್. ಈ ಟ್ರಾನ್ಸಿಸ್ಟರಿನ ವರ್ಧನಾಂಕವು 80 ಆಗಿದ್ದರೆ ಪಾದಕ್ಕೆ ಬೇಕಾದುದು ಅದರ 80ರಲ್ಲೊಂದು ಭಾಗ, 3.1 ಮೈಕ್ರೋಆಂಪಿಯರ್. ಇದು 100 ಕಿಲೋಓಮಿನ ಮೂಲಕವೇ ಬರಬೇಕಾಗಿರುವುದರಿಂದ ಆ ರೋಧಕದಲ್ಲಿ 0.31 ವೋಲ್ಟ್ ಇಳಿಯುವುದು. ಪಾದವೇ ನೆಲಕ್ಕಿಂತ ಸುಮಾರು 0.15 ವೋಲ್ಟ್ ಮೇಲಿರುವುದು. ಎರಡನ್ನೂ ಕೂಡಿದರೆ ಎರಡನೆಯ ಟ್ರಾನ್ಸಿಸ್ಟರಿನ ಉತ್ಸರ್ಜಕದ ವಿಭವ 0.46 ವೋಲ್ಟ್. ಅದರ ಕೆಳಗಿರುವುದು 1 ಕಿಲೋಓಮಾದುದರಿಂದ ಪ್ರವಾಹ 0.46 ಮಿಲಿಆಂಪಿಯರ್. ಇಷ್ಟೇ ಪ್ರವಾಹ ಮೇಲಿನ 8.67 ಕಿಲೋಓಮಿನಲ್ಲಿ ಹರಿದು 4 ವೋಲ್ಟನ್ನು ಇಳಿಸುವುದು; ಸಂಗ್ರಾಹಕವು 5 ವೋಲ್ಟಿನಲ್ಲಿ ನಿಲ್ಲುವುದು. ಬೇಕಾದುದಕ್ಕೆ ಇದು ಸಮೀಪವೇ.

ಈಗ ಮೊದಲನೆಯದರ ವರ್ಧನಾಂಕ 150 ಎನ್ನೋಣ. ಹೆಚ್ಚು ವರ್ಧಿಸುವ ಟ್ರಾನ್ಸಿಸ್ಟರು ಉತ್ತಮವೆಂದು ಯಾರಿಗಾದರೂ ತೋರುವುದು. ಆದರೆ ಅದೇ ಲೆಕ್ಕವನ್ನು ಮಾಡಿದರೆ ಪಾದದ ಪ್ರವಾಹ 1.7 ಮೈಕ್ರೋಆಂಪಿಯರಿಗೆ ಇಳಿದು, ಎರಡನೆಯದರ ಪ್ರವಾಹ 0.32 ಮಿಲಿಆಂಪಿಯರಿಗೆ ಇಳಿದು, ಸಂಗ್ರಾಹಕವು 6.2 ವೋಲ್ಟಿಗೆ ಏರಿ ನಿಲ್ಲುವುದು. ಹೆಚ್ಚಿನ ವರ್ಧನೆಯೇ ಇಲ್ಲಿ ಕೆಡುಕು. ಬಲ್ಲವರು ಮೊದಲನೆಯ ಸ್ಥಾನಕ್ಕೆ 70-80ರಷ್ಟು, ಎರಡನೆಯದಕ್ಕೆ 100-130ರಷ್ಟು ವರ್ಧನಾಂಕವುಳ್ಳವನ್ನು ಆರಿಸಬೇಕೆಂದು ಹೇಳುವ ಮಾತು ಮಂತ್ರವಲ್ಲ. ಈ ಲೆಕ್ಕದ ಫಲ.

ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಒಂದೇ ಹೆಸರಿನವಾದರೂ ಗುಣದಲ್ಲಿ ಒಂದರಂತೊಂದು ಇರುತ್ತಿರಲಿಲ್ಲ. ಒಂದೇ ಡಬ್ಬಿಯಲ್ಲಿ 50ರದೂ 150ರದೂ ಇರಬಹುದಾಗಿತ್ತು. ಆದುದರಿಂದ ಮೂಲ ಫಜ್ ಫೇಸುಗಳೇ ಒಂದರಂತೊಂದು ನುಡಿಯುತ್ತಿರಲಿಲ್ಲ. ಪ್ರತಿರೂಪವನ್ನು ಕಟ್ಟುವವನು ಅನುಕರಿಸಬೇಕಾದುದು ಅವುಗಳಲ್ಲಿ ಚೆನ್ನಾಗಿದ್ದುದನ್ನು.

ಸೋರಿಕೆ

ವರ್ಧನಾಂಕಕ್ಕಿಂತಲೂ ಮುಖ್ಯವಾದ ಗುಣವೊಂದಿದೆ. ಟ್ರಾನ್ಸಿಸ್ಟರಿನ ಪಾದವನ್ನು ಎಲ್ಲಿಗೂ ಕೂಡಿಸದೆ ಹಾಗೆಯೇ ಬಿಟ್ಟರೆ ಸಂಗ್ರಾಹಕದಲ್ಲಿ ಪ್ರವಾಹವಿರಕೂಡದು. ಆದರೆ ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಆಗಲೂ ಸ್ವಲ್ಪ ಹರಿಯುವುದು, ಸರಿಯಾಗಿ ಮುಚ್ಚಿದರೂ ತೊಟ್ಟಿಕ್ಕುವ ನಲ್ಲಿಯಂತೆ. ಇದನ್ನು ಸೋರಿಕೆ ಪ್ರವಾಹವೆನ್ನುವರು.

ಇದಕ್ಕೆ ಕಾರಣವು ಜರ್ಮೇನಿಯಮ್ಮಿನ ಸ್ವಭಾವದಲ್ಲಿಯೇ ಇದೆ. ಮೆಂಡಲೀಫನು 1871ರಲ್ಲಿ ಇರಬೇಕೆಂದು ಊಹಿಸಿ, ವಿಂಕ್ಲರನು 1886ರಲ್ಲಿ ಕಂಡುಹಿಡಿದ ಈ ಮೂಲವಸ್ತುವು ಆವರ್ತಕೋಷ್ಟಕದಲ್ಲಿ ಸಿಲಿಕಾನಿನ ಕೆಳಗೇ ಕುಳಿತಿದೆ. ಇವೆರಡರ ಹರಳುಗಳಲ್ಲಿಯೂ ಪ್ರತಿ ಪರಮಾಣುವು ನೆರೆಯ ನಾಲ್ಕರೊಡನೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುವುದು. ಎಲೆಕ್ಟ್ರಾನೊಂದು ಈ ಬಂಧನದಿಂದ ಬಿಡಿಸಿಕೊಂಡು ಓಡಾಡಬೇಕಾದರೆ ಸಿಲಿಕಾನಿನಲ್ಲಿ 1.12 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಜರ್ಮೇನಿಯಮ್ಮಿನಲ್ಲಿ ಸುಮಾರು 0.67 ಸಾಕು. ಅಂತರ ಅಲ್ಪವೆಂದು ತೋರಬಹುದು. ಆದರೆ ಶಾಖದ ಕುಲುಕಾಟವು ಒದಗಿಸುವ ಶಕ್ತಿಯ ಅಳತೆ ಕೊಠಡಿಯ ಉಷ್ಣತೆಯಲ್ಲಿ ಕೇವಲ 0.025 ಎಲೆಕ್ಟ್ರಾನ್ ವೋಲ್ಟ್. ಇಷ್ಟು ಚಿಕ್ಕ ಅಳತೆಗೋಲಿಗೆ ಆ ಅಂತರವು ಬೆಟ್ಟದಂತೆ. ಫಲವಾಗಿ ಶುದ್ಧ ಜರ್ಮೇನಿಯಮ್ಮಿನ ಒಂದು ಘನ ಸೆಂಟಿಮೀಟರಿನಲ್ಲಿ ಸ್ವತಂತ್ರವಾಗಿ ಅಲೆಯುವ ಎಲೆಕ್ಟ್ರಾನುಗಳು ಅಷ್ಟೇ ಸಿಲಿಕಾನಿನಲ್ಲಿರುವುದಕ್ಕಿಂತ ಸಾವಿರಾರು ಪಾಲು ಹೆಚ್ಚು. ಇವೇ ಸೋರಿಕೆಗೆ ಮೂಲ. ಟ್ರಾನ್ಸಿಸ್ಟರು ತನ್ನ ಪಾದದ ಬಳಿ ಸೋರಿದ ಅಲ್ಪವನ್ನು ತಾನೇ ವರ್ಧಿಸಿ ದೊಡ್ಡದು ಮಾಡುವುದು ಬೇರೆ.

ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಜರ್ಮೇನಿಯಮ್ಮಿನ ಸೋರಿಕೆ ಸುಮಾರು ಇಮ್ಮಡಿಯಾಗುವುದೆಂದು ಸ್ಥೂಲವಾಗಿ ಹೇಳಬಹುದು. ಈ ಒಂದು ವಾಕ್ಯವನ್ನು ಮರೆತುದರಿಂದ ಎಷ್ಟೋ ಪೆಡಲುಗಳು ಮೂಲೆ ಸೇರಿವೆ. ಲಂಡನ್ನಿನ ತಂಪಿನಲ್ಲಿ ಹುಟ್ಟಿದ ಮಂಡಲವನ್ನು ರಾಯಚೂರಿನ ಬೇಸಗೆಗೆ ತಂದರೆ ಏನಾಗುವುದೆಂದು ನೋಡೋಣ.

ಮೊದಲನೆಯ ಟ್ರಾನ್ಸಿಸ್ಟರಿನ ವರ್ಧನಾಂಕ 80, ಸೋರಿಕೆ 25 ಡಿಗ್ರಿಯಲ್ಲಿ 100 ಮೈಕ್ರೋಆಂಪಿಯರ್ ಎನ್ನೋಣ. ಅದರ ಸಂಗ್ರಾಹಕದಲ್ಲಿ ಒಟ್ಟು ಹರಿಯಬೇಕಾದುದು 250. ಅದರಲ್ಲಿ 100 ತಾನಾಗಿಯೇ ಸೋರಿತು. ಪಾದವು ಏರ್ಪಡಿಸಬೇಕಾದುದು ಉಳಿದ 150 ಮಾತ್ರ. ಅದಕ್ಕೆ 1.9 ಮೈಕ್ರೋಆಂಪಿಯರ್ ಸಾಕು. ಎರಡನೆಯದರ ಪ್ರವಾಹ 0.34 ಮಿಲಿಆಂಪಿಯರಿಗೆ ಇಳಿದು ಅದರ ಸಂಗ್ರಾಹಕ 6 ವೋಲ್ಟಿನ ಮೇಲೆ ನಿಲ್ಲುವುದು. ಉಷ್ಣತೆ 35 ಡಿಗ್ರಿಯಾದಾಗ ಸೋರಿಕೆ 200. ಪಾದಕ್ಕೆ ಉಳಿದ ಪಾಲು 50. ಆಗ ಸಂಗ್ರಾಹಕವು 7 ವೋಲ್ಟನ್ನು ದಾಟುವುದು, ಧ್ವನಿ ಉಗ್ಗತೊಡಗುವುದು. 40 ಡಿಗ್ರಿಯಲ್ಲಿ ಸೋರಿಕೆ 280ಕ್ಕೆ ಏರಿತು. ಆದರೆ 33 ಕಿಲೋಓಮಿನ ಮೂಲಕ ಬರುವುದೇ 250! ಸೋರಿಕೆಯೇ ಎಲ್ಲವನ್ನೂ ನುಂಗಿಬಿಟ್ಟಿತು. ಮೊದಲನೆಯ ಟ್ರಾನ್ಸಿಸ್ಟರು ಪೂರ್ತಿ ತೆರೆದ ಬಾಗಿಲಾಯಿತು. ಎರಡನೆಯದಕ್ಕೆ ಪ್ರವಾಹವೇ ಇಲ್ಲದೆ ಪೆಡಲು ಮೌನವಾಯಿತು. ಕೆಟ್ಟುಹೋಯಿತೆಂದು ಬಿಚ್ಚಿ ನೋಡಿದರೆ ಯಾವ ಬಿಡಿಭಾಗವೂ ಕೆಟ್ಟಿಲ್ಲ. ಸಂಜೆ ತಂಪಾದಾಗ ಅದು ಮತ್ತೆ ಹಾಡುವುದು.

25 ಡಿಗ್ರಿಯಲ್ಲಿ 50 ಮೈಕ್ರೋಆಂಪಿಯರ್ ಮಾತ್ರ ಸೋರುವ ಟ್ರಾನ್ಸಿಸ್ಟರನ್ನು ಅದೇ ಸ್ಥಾನದಲ್ಲಿಟ್ಟು ಲೆಕ್ಕ ಮಾಡಿದರೆ, 40 ಡಿಗ್ರಿಯಲ್ಲಿ ಸೋರಿಕೆ 140. ಸಂಗ್ರಾಹಕವು ಸುಮಾರು 6.5 ವೋಲ್ಟಿನಲ್ಲಿದ್ದು ಪೆಡಲು ಇನ್ನೂ ಕೆಲಸ ಮಾಡುವುದು. ವಿದೇಶದ ಕೈಪಿಡಿಗಳು 100, ಕೆಲವೊಮ್ಮೆ 200 ಮೈಕ್ರೋಆಂಪಿಯರಿನ ಸೋರಿಕೆಯೂ ಆಗಬಹುದೆನ್ನುವುವು. ಅವರ ಹವೆಗೆ ಅದು ಸರಿ. ನಮ್ಮ ನಾಡಿನಲ್ಲಿ ಮೊದಲನೆಯ ಸ್ಥಾನಕ್ಕೆ 50ಕ್ಕಿಂತ ಕಡಮೆ ಸೋರುವುದನ್ನೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಎರಡನೆಯ ಸ್ಥಾನದಲ್ಲಿ ಅಷ್ಟು ಬಿಗಿ ಬೇಡ. ಅಲ್ಲಿನ ಪ್ರವಾಹವನ್ನು 100 ಕಿಲೋಓಮಿನ ಹಿಂದಿರುಗುವ ದಾರಿಯು ತಿದ್ದುತ್ತಿರುವುದರಿಂದ ಹೆಚ್ಚು ಸೋರುವುದನ್ನು ಅಲ್ಲಿ ಇರಿಸಬಹುದು.

ಅಳೆಯುವ ಕ್ರಮ

ಬಹುಮಾಪಕಗಳಲ್ಲಿ ಟ್ರಾನ್ಸಿಸ್ಟರನ್ನು ಚುಚ್ಚಿ ವರ್ಧನಾಂಕವನ್ನು ಓದುವ ಏರ್ಪಾಡಿರುವುದುಂಟು. ಜರ್ಮೇನಿಯಮ್ಮಿನ ವಿಷಯದಲ್ಲಿ ಅದನ್ನು ನಂಬಬಾರದು. ಅದು ಸೋರಿಕೆಯನ್ನೂ ವರ್ಧನೆಯೆಂದೇ ಎಣಿಸುವುದು. ಸೋರುವ ಟ್ರಾನ್ಸಿಸ್ಟರು ಅದರಲ್ಲಿ ಅತ್ಯುತ್ತಮವೆಂದು ತೋರುವುದು ವಿಪರ್ಯಾಸ.

ಇದಕ್ಕಿಂತ ನಂಬಿಕೆಗೆ ಅರ್ಹವಾದ ವಿಧಾನಕ್ಕೆ ಎರಡು ರೋಧಕ, ಒಂದು ಬ್ಯಾಟರಿ, ಒಂದು ವೋಲ್ಟ್‌ಮಾಪಕ ಸಾಕು. ಹವ್ಯಾಸಿಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಪಿ-ಎನ್-ಪಿ ಟ್ರಾನ್ಸಿಸ್ಟರಿನ ಉತ್ಸರ್ಜಕವನ್ನು 9 ವೋಲ್ಟ್ ಬ್ಯಾಟರಿಯ ಧನಾಗ್ರಕ್ಕೆ ಕೂಡಿಸಿ. ಸಂಗ್ರಾಹಕವನ್ನು 2.47 ಕಿಲೋಓಮ್ ರೋಧಕದ ಮೂಲಕ ಋಣಾಗ್ರಕ್ಕೆ ಕೂಡಿಸಿ, 2.2 ಕಿಲೋಓಮನ್ನೂ 270 ಓಮನ್ನೂ ಸಾಲಾಗಿ ಜೋಡಿಸಿದರೆ ಇದು ದೊರೆಯುವುದು. ಪಾದವನ್ನು ಬಿಟ್ಟಿರಿ. ಈಗ 2.47 ಕಿಲೋಓಮಿನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಬರೆದುಕೊಳ್ಳಿ. ಅದು ಸೋರಿಕೆಯ ಅಳತೆ: 0.25 ವೋಲ್ಟ್ ತೋರಿಸಿದರೆ ಸುಮಾರು 100 ಮೈಕ್ರೋಆಂಪಿಯರ್ ಸೋರುತ್ತಿದೆಯೆಂದರ್ಥ. ಬಳಿಕ ಪಾದವನ್ನು 2.2 ಮೆಗಾಓಮ್ ರೋಧಕದ ಮೂಲಕ ಋಣಾಗ್ರಕ್ಕೆ ಮುಟ್ಟಿಸಿ ಮತ್ತೆ ಓದಿ. ಪಾದಕ್ಕೆ ಹೋದ ಪ್ರವಾಹ 4 ಮೈಕ್ರೋಆಂಪಿಯರ್. ವರ್ಧನಾಂಕ 100 ಆಗಿದ್ದರೆ ಅದರಿಂದ 400 ಮೈಕ್ರೋಆಂಪಿಯರ್ ಉಂಟಾಗಿ 2.47 ಕಿಲೋಓಮಿನಲ್ಲಿ ಸುಮಾರು 1 ವೋಲ್ಟ್ ಇಳಿಯುವುದು. ರೋಧಕವನ್ನು ಹೀಗೆ ಆರಿಸಿಕೊಂಡಿರುವುದೇ ವೋಲ್ಟನ್ನು ನೂರರಿಂದ ಗುಣಿಸಿದರೆ ವರ್ಧನಾಂಕ ಸಿಗಲೆಂದು. ಎರಡನೆಯ ಓದಿನಿಂದ ಮೊದಲನೆಯದನ್ನು ಕಳೆದು ನೂರರಿಂದ ಗುಣಿಸಿ. ಉದಾಹರಣೆಗೆ, ಮೊದಲು 0.12, ಬಳಿಕ 0.90 ತೋರಿಸಿದರೆ ನಿಜವಾದ ವರ್ಧನಾಂಕ 78, ಸೋರಿಕೆ 50 ಮೈಕ್ರೋಆಂಪಿಯರಿಗಿಂತ ತುಸು ಕಡಮೆ. ಅದನ್ನು ಜೋಪಾನವಾಗಿ ತೆಗೆದಿಡಿ. ಮೊದಲನೆಯ ಸ್ಥಾನಕ್ಕೆ ಅದು ಹೇಳಿ ಮಾಡಿಸಿದಂತಿದೆ. ಮೊದಲು 0.70, ಬಳಿಕ 1.50 ತೋರಿಸಿದುದನ್ನು ಅಂಗಡಿಯವನಿಗೇ ಹಿಂದಿರುಗಿಸಿ, ಅವನು ಅದರ ವರ್ಧನಾಂಕ 150 ಎಂದು ಎಷ್ಟು ಹೊಗಳಿದರೂ ಸರಿಯೆ.

ಅಳೆಯುವಾಗ ಟ್ರಾನ್ಸಿಸ್ಟರನ್ನು ಬೆರಳುಗಳಿಂದ ಹಿಡಿದಿರಬಾರದು. ಬೆರಳಿನ ಬಿಸಿಗೇ ಸೋರಿಕೆ ಏರುವುದು. ಇದೇ ಒಂದು ಸೊಗಸಾದ ಪ್ರಯೋಗ: ಪಾದವನ್ನು ಬಿಟ್ಟು, ಮಾಪಕವನ್ನು ನೋಡುತ್ತ, ಲೋಹದ ಟೋಪಿಯನ್ನು ಎರಡು ಬೆರಳುಗಳಿಂದ ಹಿಡಿಯಿರಿ, ಅಂಕೆಗಳು ಮೆಲ್ಲಮೆಲ್ಲನೆ ಮೇಲಕ್ಕೆ ತೆವಳುವುದನ್ನು ಕಾಣುವಿರಿ. ಅರೆವಾಹಕಗಳ ಪಾಠವನ್ನು ಕಪ್ಪುಹಲಗೆಯ ಮೇಲೆ ಒಂದು ಗಂಟೆ ಹೇಳುವುದಕ್ಕಿಂತ ಇದನ್ನು ಒಂದು ನಿಮಿಷ ತೋರಿಸುವುದು ಮೇಲು. ಟ್ರಾನ್ಸಿಸ್ಟರು ಕೊಠಡಿಯ ಉಷ್ಣತೆಗೆ ಮರಳಲು ಕೆಲವು ನಿಮಿಷ ಬಿಟ್ಟು, ಆ ದಿನದ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದಿಡಬೇಕು. ಉಷ್ಣತೆಯನ್ನು ಬರೆಯದ ಸೋರಿಕೆಯ ಸಂಖ್ಯೆಗೆ ಬೆಲೆಯಿಲ್ಲ.

ಹೆಸರಿನ ವಿಚಾರ. ಮೂಲ ಪೆಡಲುಗಳಲ್ಲಿದ್ದ ಎನ್.ಕೆ.ಟಿ. 275 ಎಂಬ ಟ್ರಾನ್ಸಿಸ್ಟರು ಇಂಗ್ಲೆಂಡಿನ ನ್ಯೂಮಾರ್ಕೆಟ್ ಸಂಸ್ಥೆಯದು. ಅದಕ್ಕಾಗಿ ಜನರು ವಿಪರೀತ ಬೆಲೆ ತೆರುವರು. ಟೋಪಿಯ ಮೇಲೆ ಅಕ್ಷರಗಳನ್ನು ಅಚ್ಚು ಹಾಕುವುದು ಕಷ್ಟವಲ್ಲವಾದುದರಿಂದ ಬೇರಾವುದೋ ಟ್ರಾನ್ಸಿಸ್ಟರು ಆ ಹೆಸರಿನಲ್ಲಿ ಬರುವುದೂ ಉಂಟು. ಮೇಲಿನ ಅಳತೆಯಲ್ಲಿ ತೇರ್ಗಡೆಯಾದ ಎ.ಸಿ. 128 ಅಳೆಯದ ಎನ್.ಕೆ.ಟಿ. 275ಕ್ಕಿಂತ ನೂರುಪಾಲು ವಾಸಿ. ಎ.ಸಿ. 128 ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳ ಕೊನೆಯ ಹಂತದಲ್ಲಿ ಜೋಡಿಯಾಗಿ ಬಳಕೆಯಲ್ಲಿತ್ತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿಯೇ 1962ರಿಂದ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಆರಂಭವಾಗಿತ್ತು. ಅಟ್ಟದ ಮೇಲೆ ಸತ್ತು ಬಿದ್ದಿರುವ ರೇಡಿಯೋವೊಂದನ್ನು ಬಿಚ್ಚಿ ನೋಡುವುದು, ದೂರದೇಶದಿಂದ ತರಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಅಂಗಡಿಯಲ್ಲಿ ಕೊಳ್ಳುವುದಾದರೆ ಎರಡನ್ನು ಕೊಳ್ಳದೆ ಹತ್ತು ಹನ್ನೆರಡನ್ನು ಕೊಂಡು ಅಳೆದರೆ ಒಳ್ಳೆಯದೊಂದು ಜೋಡಿ ದೊರಕುವ ಸಂಭವವುಂಟು. ನಾಲ್ಕೈದು ಮಂದಿ ಗೆಳೆಯರು ಸೇರಿ ಕೊಂಡರೆ ಖರ್ಚೂ ಹಂಚಿಹೋಗುವುದು.

ಉಳಿದ ಒಂಬತ್ತು

ರೋಧಕಗಳ ಮಾತನ್ನು ಬೇಗ ಮುಗಿಸಬಹುದು. ಹಳೆಯ ಇಂಗಾಲದ ರೋಧಕಗಳು ನಮೂದಿಸಿದ ಮೌಲ್ಯಕ್ಕಿಂತ ನೂರಕ್ಕೆ 10ರಷ್ಟು ಹೆಚ್ಚುಕಡಮೆ ಇರುತ್ತಿದ್ದವು, ತೇವದಿಂದ ವರ್ಷವರ್ಷಕ್ಕೂ ಬದಲಾಗುತ್ತಿದ್ದವು, ಸಿಳ್ಳೆಯಂತಹ ಗದ್ದಲವನ್ನೂ ಮಾಡುತ್ತಿದ್ದವು. ನೂರಕ್ಕೆ 1ರಷ್ಟು ಮಾತ್ರ ವ್ಯತ್ಯಾಸವಿರುವ ಇಂದಿನ ಲೋಹಪಟಲದ ರೋಧಕಗಳು ಎಲ್ಲ ವಿಧದಲ್ಲಿಯೂ ಮೇಲು. ಒಂದು ಮಾರ್ಪಾಡು ಮಾತ್ರ ಅವಶ್ಯ: 8.2 ಕಿಲೋಓಮಿಗೆ ಬದಲಾಗಿ 20 ಕಿಲೋಓಮಿನವರೆಗೆ ಹೊಂದಿಸಬಹುದಾದ ಚಿಕ್ಕ ರೋಧಕವನ್ನಿಟ್ಟು, ಸಂಗ್ರಾಹಕವು 4.5 ವೋಲ್ಟಿಗೆ ಬರುವಂತೆ ತಿರುಗಿಸಬೇಕು. ಎರಡನೆಯದರ ಪ್ರವಾಹ 0.34 ಮಿಲಿಆಂಪಿಯರಿಗೆ ಇಳಿದಿದ್ದರೆ ಇದು ಸುಮಾರು 12.8 ಕಿಲೋಓಮಿನಲ್ಲಿ ಸರಿಹೊಂದುವುದು. ಬೇಸಗೆಯಲ್ಲಿ ಒಂದಿಷ್ಟು, ಚಳಿಗಾಲದಲ್ಲಿ ಒಂದಿಷ್ಟು ತಿರುಗಿಸಿಕೊಳ್ಳಲೂ ಬಹುದು. ಆದರೆ ಸೋರಿಕೆಯೇ ಎಲ್ಲವನ್ನೂ ನುಂಗಿದಲ್ಲಿ ಈ ಉಪಾಯ ಸಾಗದು.

ಧಾರಕಗಳ ವಿಷಯದಲ್ಲಿ ಮೌಲ್ಯ ಮುಖ್ಯ, ಬಣ್ಣವಲ್ಲ. ಕೊನೆಯಲ್ಲಿರುವ 0.01 ಮೈಕ್ರೋಫ್ಯಾರಡ್ ಧಾರಕವು 500 ಕಿಲೋಓಮಿನೊಡನೆ ಸೇರಿ ಸೆಕೆಂಡಿಗೆ 32 ಕಂಪನಗಳಿಗಿಂತ ಕೆಳಗಿನವನ್ನು ತಡೆಯುವುದು. ಗಿಟಾರಿನ ಅತಿ ದಪ್ಪನೆಯ ತಂತಿಯದು ಸುಮಾರು 82 ಕಂಪನ. ಹೀಗಿರಲು ಧಾರಕದ ಮೌಲ್ಯ ನೂರಕ್ಕೆ 20ರಷ್ಟು ಹೆಚ್ಚುಕಡಮೆಯಾದರೆ ಕಿವಿಗೆ ತಿಳಿಯುವ ಸಂಭವವಿಲ್ಲ. ತಪ್ಪಿ 0.001 ಹಾಕಿದರೆ ಮಾತ್ರ ತಡೆಯು 320ಕ್ಕೆ ಏರಿ ಮಂದ್ರಸ್ವರಗಳು ಸೊರಗುವುವು. 2.2 ಮತ್ತು 20 ಮೈಕ್ರೋಫ್ಯಾರಡಿನವು ದ್ರವವಾಹಕ ಜಾತಿಯವು. ಇವು ವರ್ಷಗಳು ಕಳೆದಂತೆ ಒಣಗಿ ಸತ್ವಗುಂದುವುವಾದುದರಿಂದ ಹಳೆಯವನ್ನು ಹುಡುಕಿ ಹಾಕುವುದು ಹಳಸಿದ ಅನ್ನವನ್ನು ಹುಡುಕಿ ಉಣ್ಣುವಂತೆ. 20ರ ಬದಲು ಇಂದು ಸುಲಭವಾಗಿ ಸಿಗುವ 22 ಆಗಬಹುದು. ಧನ ಋಣಗಳನ್ನು ಕೂಡಿಸುವಾಗ ಮಾತ್ರ, ಇಲ್ಲಿ ನೆಲವೇ ಧನವೆಂಬುದನ್ನು ಮರೆಯಬಾರದು.

ಬ್ಯಾಟರಿಯ ಜಾತಿಯಿಂದ ಧ್ವನಿ ಬದಲಾಗುವುದೆಂದು ವಾದಿಸುವವರುಂಟು. ಇಡೀ ಮಂಡಲವು ಎಳೆಯುವ ಪ್ರವಾಹ 1 ಮಿಲಿಆಂಪಿಯರಿಗಿಂತ ಕಡಮೆ. ಬ್ಯಾಟರಿಯ ಒಳರೋಧ 100 ಓಮ್ ಎಂದು ಧಾರಾಳವಾಗಿ ಇಟ್ಟುಕೊಂಡರೂ ಅದರಲ್ಲಿ ಇಳಿಯುವುದು 0.1 ವೋಲ್ಟಿನಷ್ಟೂ ಇಲ್ಲ. ಬಳಸಿ ಬಳಸಿ 9 ವೋಲ್ಟು 7.5ಕ್ಕೆ ಇಳಿದ ಬ್ಯಾಟರಿಯಿಂದ ಧ್ವನಿ ಬದಲಾಗುವುದು ನಿಜ. ಆದರೆ ಅದು ಇಳಿದ ವೋಲ್ಟೇಜಿನ ಗುಣ; ಬ್ಯಾಟರಿಯ ಹೊದಿಕೆಯದಲ್ಲ.

ಸಿಲಿಕಾನ್ ಹಾಕಿದರಾಗದೇ?

ಆಗುವುದು. ಮೂಲ ತಯಾರಕರೇ ಮುಂದೆ ಬಿ.ಸಿ. 108 ಮುಂತಾದ ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನು ಹಾಕತೊಡಗಿದರು. ಇವು ಎನ್-ಪಿ-ಎನ್ ಜಾತಿಯವಾದುದರಿಂದ ಬ್ಯಾಟರಿಯನ್ನು ತಿರುಗಿಸಬೇಕು. ಸೋರಿಕೆ ಗಣನೆಗೆ ಬಾರದಷ್ಟು ಕಡಮೆ. ಕಲಬುರ್ಗಿಯ ಮೇ ತಿಂಗಳಿಗೂ ಅಂಜಬೇಕಾಗಿಲ್ಲ. ಆದರೆ ಇವುಗಳ ಪಾದದ ವಿಭವ 0.15ಕ್ಕೆ ಬದಲು ಸುಮಾರು 0.6 ವೋಲ್ಟ್. ವರ್ಧನಾಂಕ 300 ಎಂದು ಇಟ್ಟುಕೊಂಡು ಹಿಂದಿನ ಲೆಕ್ಕವನ್ನೇ ಮಾಡಿದರೆ ಎರಡನೆಯದರ ಪ್ರವಾಹ 0.68 ಮಿಲಿಆಂಪಿಯರಿಗೆ ಏರಿ ಸಂಗ್ರಾಹಕವು 3 ವೋಲ್ಟಿನ ಹತ್ತಿರಕ್ಕೆ ಇಳಿಯುವುದು, 8.2 ಕಿಲೋಓಮಿಗೆ ಬದಲು 6 ಕಿಲೋಓಮಿನಷ್ಟಿದ್ದರೆ ಮಧ್ಯಕ್ಕೆ ಬರುವುದು. ಇವು ಉಚ್ಚ ಕಂಪನಗಳನ್ನೂ ಚೆನ್ನಾಗಿ ವರ್ಧಿಸುವುದರಿಂದ ಧ್ವನಿ ಹೆಚ್ಚು ಮೊನಚಾಗಿರುವುದು. ಒಮ್ಮೊಮ್ಮೆ ಊರಿನ ರೇಡಿಯೋ ನಿಲಯವೇ ಪೆಡಲಿನಲ್ಲಿ ಮಾತನಾಡತೊಡಗುವುದು. ಸಂಗ್ರಾಹಕಕ್ಕೂ ಪಾದಕ್ಕೂ ನಡುವೆ ಕೆಲವು ಹತ್ತು ಪಿಕೋಫ್ಯಾರಡಿನ ಧಾರಕವೊಂದನ್ನಿಟ್ಟರೆ ಇದು ತಗ್ಗುವುದು. ಜರ್ಮೇನಿಯಮ್ಮಿನ ದುಂಡುತನ ಇದರಲ್ಲಿಲ್ಲವೆಂದು ನುಡಿಸುವವರು ಹೇಳುವರು. ನಮ್ಮ ಕಿವಿಗೂ ಹಾಗೆಯೇ ತೋರುವುದು. ಆದರೂ ಮೊದಲ ಸಲ ಕಟ್ಟುವವರು ಸಿಲಿಕಾನಿನಿಂದ ಆರಂಭಿಸಿ, ಮಂಡಲದ ನಡತೆಯನ್ನು ಅರಿತ ಮೇಲೆ ಜರ್ಮೇನಿಯಮ್ಮಿಗೆ ಕೈಹಾಕುವುದು ಜಾಣತನ.

ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ನೇರವಾಗಿ ಬೆಸುಗೆ ಹಾಕದೆ ಚಿಕ್ಕ ಕೂಡುಗೂಡುಗಳಲ್ಲಿ ಚುಚ್ಚುವುದು ಲೇಸು. ಕಾವಲಿಯ ಬಿಸಿಗೆ ಅವು ಬೇಗ ಕೆಡುವುವು, ಅಲ್ಲದೆ ಆರಿಸಿಟ್ಟ ಜೋಡಿಗಳನ್ನು ಬದಲಾಯಿಸಿ ಕೇಳಿ ನೋಡಲೂ ಅನುಕೂಲ. ಧನಾಗ್ರ ನೆಲಕ್ಕೆ ಸೇರಿದ ಈ ಪೆಡಲನ್ನು ಇತರ ಪೆಡಲುಗಳೊಡನೆ ಒಂದೇ ವಿದ್ಯುತ್ ಪೂರೈಕೆಗೆ ಎಂದಿಗೂ ಕೂಡಿಸಬಾರದು. ಅವುಗಳಲ್ಲಿ ಋಣಾಗ್ರವು ನೆಲಕ್ಕೆ ಸೇರಿರುವುದರಿಂದ, ಗಿಟಾರಿನ ತಂತಿಯ ಲೋಹದ ಹೊದಿಕೆಯ ಮೂಲಕ ಪೂರೈಕೆಯ ಎರಡು ಅಗ್ರಗಳೂ ಒಂದಕ್ಕೊಂದು ತಗಲಿ ಪೂರೈಕೆ ಸುಟ್ಟುಹೋಗಬಹುದು. ಇದಕ್ಕೆ ಪ್ರತ್ಯೇಕವಾದ ಬ್ಯಾಟರಿಯೇ ಇರಲಿ. ಪ್ರವಾಹವು ಇಷ್ಟು ಅಲ್ಪವಾಗಿರುವಾಗ ಅದು ತಿಂಗಳುಗಟ್ಟಲೆ ಬರುವುದು, ನುಡಿಸಿ ಮುಗಿದ ಮೇಲೆ ಗಿಟಾರಿನ ತಂತಿಯನ್ನು ಪೆಡಲಿನಿಂದ ಕಿತ್ತಿಡುವ ಅಭ್ಯಾಸವಿದ್ದರೆ.